ದಮ್ಮು ಇದ್ದವರು ಮನೆಯಲ್ಲಿ ಬಿ.ಪಿ. ನೋಡಿಕೊಳ್ಳುವುದು ಹೇಗೆ?

ಮೆಟ್ಟಿಲು ಹತ್ತಿ ಬಂದು, ಏದುಸಿರಿನಲ್ಲೇ ಎರಡು ಪಫ್ ಎಳೆದು, ಕೂತ ಕೂಡಲೇ ರಟ್ಟೆಗೆ ಪಟ್ಟಿ ಸುತ್ತಿ 'ಅಯ್ಯೋ, 160 ಇದೆ!' ಎಂದು ಗಾಬರಿಬೀಳುವುದು ಅಸ್ತಮಾ, ಸಿಒಪಿಡಿ (ಶ್ವಾಸನಾಳ ಕಿರಿದಾಗಿಯೇ ಉಳಿಯುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವವರ ಮನೆಗಳಲ್ಲಿ ಮಾಮೂಲು. ಆ 160ರಲ್ಲಿ ಬಿ.ಪಿ. ಎಷ್ಟು, ಮೆಟ್ಟಿಲಿನದೆಷ್ಟು, ಇನ್‌ಹೇಲರಿನದೆಷ್ಟು ಎಂದು ವೈದ್ಯರಿಗೂ ಬಿಡಿಸಲಾಗದು.

ಮೊದಲು ಯಂತ್ರ. ರಟ್ಟೆಗೆ ಸುತ್ತುವಂಥದ್ದೇ ಕೊಳ್ಳಿ. ಮಣಿಕಟ್ಟಿನದು ಬೇಡ, ಕೈ ಎದೆಮಟ್ಟಕ್ಕಿಂತ ಕೆಳಗಿದ್ದರೆ ಅಂಕಿ ಏರಿಬಿಡುತ್ತದೆ. ಕ್ಯಾಮೆರಾ ಮೇಲೆ ಬೆರಳಿಟ್ಟರೆ ಬಿ.ಪಿ. ಹೇಳುತ್ತೇವೆ ಎನ್ನುವ ಮೊಬೈಲ್ ಆ್ಯಪ್‌ಗಳನ್ನು ಇವತ್ತೇ ಅಳಿಸಿ. ಅಂಗಡಿಗೆ ಹೋಗುವ ಮುನ್ನ ರಟ್ಟೆಯ ಸುತ್ತಳತೆ ಟೇಪಿನಲ್ಲಿ ನೋಡಿಕೊಳ್ಳಿ. ಸಾಮಾನ್ಯವಾಗಿ ಜತೆಗೆ ಬರುವ ಪಟ್ಟಿ 22ರಿಂದ 32 ಸೆಂ.ಮೀ. ರಟ್ಟೆಗೆ. ದಪ್ಪ ತೋಳಿಗೆ ಅದನ್ನೇ ಬಿಗಿದರೆ ಇಲ್ಲದ ಬಿ.ಪಿ. ಕಾಣಿಸಿಕೊಳ್ಳುತ್ತದೆ.

ಎರಡನೆಯದು ಹೊತ್ತು. ಎಡವುವುದೆಲ್ಲ ಇಲ್ಲೇ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ಕಾಫಿ, ತಿಂಡಿ, ಬಿ.ಪಿ. ಮಾತ್ರೆ, ಇನ್‌ಹೇಲರ್ ಎಲ್ಲಕ್ಕೂ ಮುಂಚೆ ನೋಡಬೇಕು. ದಮ್ಮು ಬಂದಾಗ ಎಳೆಯುವ ಇನ್‌ಹೇಲರಿನಲ್ಲಿರುವ ಸಾಲ್ಬುಟಮಾಲ್ ಔಷಧ ಶ್ವಾಸನಾಳವನ್ನು ಸಡಿಲಿಸುವ ಜತೆಗೆ ಎದೆಬಡಿತವನ್ನೂ ಏರಿಸುತ್ತದೆ, ಕೆಲವರಿಗೆ ಕೈ ನಡುಗಿಸುತ್ತದೆ. ನಡುಗುವ ಕೈಯಲ್ಲಿ ಯಂತ್ರವೇ ತಪ್ಪು ಓದಬಹುದು. ಔಷಧವನ್ನು ಮಂಜಿನಂತೆ ಮಾಡಿ ಕೊಡುವ ನೆಬುಲೈಸರ್‌ನಲ್ಲಿ ಡೋಸ್ ಹೆಚ್ಚಿರುವುದರಿಂದ ಈ ತೊಂದರೆಯೂ ಹೆಚ್ಚು. ಹಾಗೆಂದು ಉಸಿರು ಕಟ್ಟುತ್ತಿರುವಾಗ ಬಿ.ಪಿ.ಗೋಸ್ಕರ ಪಫ್ ಮುಂದೂಡಬೇಡಿ. ಮೊದಲು ಪಫ್. ಅದರ ಪರಿಣಾಮ ನಾಲ್ಕರಿಂದ ಆರು ಗಂಟೆ ಇರುತ್ತದೆ. ಆ ನಡುವೆ ನೋಡಿದರೆ ಅಂಕಿಯ ಪಕ್ಕ 'ಪಫ್ ನಂತರ' ಎಂದು ಬರೆಯಿರಿ.

ಕೂರುವ ರೀತಿಯೂ ಅಷ್ಟೇ ಮುಖ್ಯ. ದಮ್ಮು ಇದ್ದವರಿಗೆ ಮೊಣಕಾಲಿಗೆ ಮೊಣಕೈ ಊರಿ ಮುಂದಕ್ಕೆ ಬಾಗಿದರೆ ಹಾಯೆನಿಸುತ್ತದೆ. ಅಳೆಯುವಾಗ ಅದು ನಡೆಯದು. ಬೆನ್ನು ಕುರ್ಚಿಗೆ ಆನಿಸಿ, ಪಾದ ನೆಲಕ್ಕೆ ಊರಿ, ಕೈಯನ್ನು ಎದೆಮಟ್ಟದ ಮೇಜಿನ ಮೇಲಿಟ್ಟು ಐದು ನಿಮಿಷ ಸುಮ್ಮನಿರಿ. ಪಟ್ಟಿ ಬರಿ ತೋಳಿಗೆ, ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲೆ. ನಡುವೆ ಕೆಮ್ಮು ಬಂದರೆ ನಿಲ್ಲಿಸಿ, ಹೊಸದಾಗಿ ಶುರುಮಾಡಿ. ಅಂಕಿ ಇಳಿಯಲೆಂದು ಬೇಕಂತಲೇ ದೀರ್ಘವಾಗಿ ಉಸಿರೆಳೆಯುವ ಜಾಣತನವೂ ಬೇಡ.

ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆಯಿರಿ. ಹೀಗೆ ಬೆಳಿಗ್ಗೆ, ಸಂಜೆ, ಏಳು ದಿನ. ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯಿರಿ. 135/85 ಮುಟ್ಟಿದರೆ ವೈದ್ಯರನ್ನು ಕಾಣಿ.

ಹೋಗುವಾಗ ಮನೆಯಲ್ಲಿರುವ ಔಷಧವನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಚೀಟಿಗಿಂತ ಚೀಲ ವಾಸಿ. ಎನಾಲಪ್ರಿಲ್, ರಾಮಿಪ್ರಿಲ್‌ನಂಥ ಬಿ.ಪಿ. ಮಾತ್ರೆಗಳು ಕೆಲವರಿಗೆ ಒಣಕೆಮ್ಮು ತರುತ್ತವೆ. ಅದನ್ನು ದಮ್ಮಿನ ಕೆಮ್ಮೆಂದು ತಿಳಿದು ಸಿರಪ್ ಕುಡಿದರೆ ಹೋಗುವುದಿಲ್ಲ. ಮಾತ್ರೆ ಬದಲಿಸಿದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ನಿಲ್ಲುತ್ತದೆ. ಬಿ.ಪಿ.ಗೆ ಕೊಡುವ ಇನ್ನೊಂದು ಮಾತ್ರೆ ಪ್ರೊಪ್ರನೊಲಾಲ್ ಅಸ್ತಮಾ ಇರುವವರ ಶ್ವಾಸನಾಳವನ್ನು ಬಿಗಿಯಬಲ್ಲದು. ಗ್ಲಾಕೋಮಾಕ್ಕೆ (ಕಣ್ಣಿನೊಳಗಿನ ಒತ್ತಡ ಏರುವ ಕಾಯಿಲೆ) ಹಾಕುವ ಟಿಮೊಲಾಲ್ ಕಣ್ಣಿನ ಹನಿಯೂ ಹಾಗೆಯೇ, ಆದರೆ ಕಣ್ಣಿನ ಹನಿಯನ್ನು ಔಷಧದ ಲೆಕ್ಕಕ್ಕೆ ಹಿಡಿಯುವವರೇ ಕಡಿಮೆ. ಇನ್ನೊಂದೆಡೆ, ದಮ್ಮಿಗೆ ಕೊಡುವ ಸ್ಟೆರಾಯ್ಡ್ ಮಾತ್ರೆ ಪ್ರೆಡ್ನಿಸೊಲೋನ್ ಮೈಯಲ್ಲಿ ಉಪ್ಪು, ನೀರು ನಿಲ್ಲಿಸಿ ಬಿ.ಪಿ. ಏರಿಸಬಹುದು, ಮೂಗು ಬಿಡಿಸುವ ಫಿನೈಲೆಫ್ರಿನ್ ಇರುವ ನೆಗಡಿ ಮಾತ್ರೆಯೂ ಏರಿಸಬಹುದು. ಯಾವುದನ್ನೂ ನೀವೇ ತಟ್ಟನೆ ನಿಲ್ಲಿಸಬೇಡಿ.

ಇನ್ನೊಂದು ಮಾತು: ರಟ್ಟೆಯ ಪಟ್ಟಿ ಶ್ವಾಸಕೋಶದ ರಕ್ತನಾಳಗಳ ಒತ್ತಡವನ್ನು ತೋರಿಸುವುದಿಲ್ಲ, ಅದರ ಅಂದಾಜಿಗೆ ಎಕೋ (ಹೃದಯದ ಅಲ್ಟ್ರಾಸೌಂಡ್) ಬೇಕು. ವರ್ಷಗಟ್ಟಲೆ ಬಿ.ಪಿ. ಏರಿಯೇ ಇದ್ದರೆ ಹೃದಯದ ಎಡಭಾಗ ಪೆಡಸಾಗಿ, ಒತ್ತಡ ಹಿಂದಕ್ಕೆ ಶ್ವಾಸಕೋಶಕ್ಕೆ ತಿರುಗಬಹುದು. ಅದಕ್ಕೇ ಅಂಕಿಯ ಪಕ್ಕ ರಾತ್ರಿ ಉಸಿರುಗಟ್ಟದೆ ಮಲಗಲು ತಲೆಗೆ ಎಷ್ಟು ದಿಂಬು ಬೇಕಾಯಿತು, ಪಾದ ಊದಿದೆಯೇ ಎಂಬುದನ್ನೂ ಬರೆಯಿರಿ. ಮಲಗಲಾಗದೆ ಎದ್ದು ಕೂತು, ಕೆಮ್ಮಿದಾಗ ನಸುಗೆಂಪು ನೊರೆ ಬಂದರೆ ಪಟ್ಟಿ ಹುಡುಕುತ್ತ ಕೂರದೆ 108ಕ್ಕೆ ಕರೆ ಮಾಡಿ.