ದೂರ ಪ್ರಯಾಣಕ್ಕೆ ಹಳೆಯ ಕ್ರೂಸರ್ ಬೈಕ್: ಆರಿಸುವುದು ಹೇಗೆ?

ತಗ್ಗಿದ ಸೀಟು, ಸವಾರನತ್ತ ಬಾಗಿದ ಹ್ಯಾಂಡಲ್, ಮುಂದಕ್ಕೆ ಸರಿದ ಫುಟ್‌ರೆಸ್ಟ್. ಕ್ರೂಸರ್ ಬೈಕನ್ನು ನೋಡಿದವರಿಗೆ ದೂರದ ಪ್ರಯಾಣಕ್ಕೆ ಇದಕ್ಕಿಂತ ಹಿತವಾದದ್ದು ಬೇರೆ ಇಲ್ಲ ಎನಿಸುವುದು ಸಹಜ. ಆದರೆ ಈ ಹಿತ ಎಲ್ಲರ ಮೈಗೂ ಒಂದೇ ಸಮನಾಗಿ ಒದಗುವುದಿಲ್ಲ. ಕಾಲು ಮುಂದಕ್ಕೆ ಚಾಚಿರುವುದರಿಂದ, ಗುಂಡಿ ಎದುರಾದಾಗ ಫುಟ್‌ರೆಸ್ಟ್ ಮೇಲೆ ಭಾರ ಊರಿ ಸೀಟಿನಿಂದ ತುಸು ಮೇಲೇಳುವುದು ಕಷ್ಟ. ಮೈಭಾರದ ಬಹುಪಾಲು ಬೆನ್ನುಮೂಳೆಯ ಬುಡದ ಮೇಲೇ ಕೂತು, ರಸ್ತೆಯ ಏಟು ನೇರವಾಗಿ ಸೊಂಟಕ್ಕೆ ತಲುಪುತ್ತದೆ. ಹೀಗಾಗಿ ಹಳೆಯ ಕ್ರೂಸರ್ ಕೊಳ್ಳುವವರು ಎಂಜಿನ್ನಿನ ಸದ್ದು ಕೇಳುವುದಕ್ಕಿಂತ ಮೊದಲು, ಆ ಬೈಕಿನ ಮೇಲೆ ತಮ್ಮ ಬೆನ್ನು ಒಂದು ಗಂಟೆ ಹೇಗಿರುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು. ಕೆಟ್ಟ ಎಂಜಿನ್ನನ್ನು ದುಡ್ಡು ಕೊಟ್ಟು ರಿಪೇರಿ ಮಾಡಿಸಬಹುದು, ಮೈಗೆ ಒಗ್ಗದ ಬೈಕನ್ನು ಮಾರುವುದೊಂದೇ ದಾರಿ.

ನಿಮ್ಮ ದಾರಿ ಯಾವುದು?

ಬೆಂಗಳೂರಿನಿಂದ ತುಮಕೂರು, ಚಿತ್ರದುರ್ಗ, ದಾವಣಗೆರೆ ದಾಟಿ ಹುಬ್ಬಳ್ಳಿಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 48 ಕ್ರೂಸರ್‌ಗೆ ಹೇಳಿ ಮಾಡಿಸಿದಂಥದ್ದು. ಒಂದೇ ವೇಗದಲ್ಲಿ, ಹೆಚ್ಚು ಗೇರ್ ಬದಲಿಸದೆ ಗಂಟೆಗಟ್ಟಲೆ ಸಾಗಬಹುದು. ಆಗುಂಬೆ, ಚಾರ್ಮಾಡಿ ಘಾಟಿಗಳ ಕಥೆ ಬೇರೆ. ಉದ್ದನೆಯ ಬೈಕನ್ನು ಕಡಿದಾದ ತಿರುವಿನಲ್ಲಿ ನಿಧಾನವಾಗಿ ತಿರುಗಿಸಲು ತೋಳಿನ ಬಲ ಬೇಕು, ಹೆಚ್ಚು ವಾಲಿಸಿದರೆ ಫುಟ್‌ರೆಸ್ಟ್ ನೆಲಕ್ಕೆ ಉಜ್ಜುತ್ತದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲದ ಕಾರಣ, ಅಲ್ಲಿ ಸರ್ವಿಸ್ ರಸ್ತೆಯ ಹಂಪ್‌ಗಳನ್ನು ಎಣಿಸುತ್ತಾ ಹೋಗಬೇಕಾಗುತ್ತದೆ. ನಿಮ್ಮ ಪ್ರಯಾಣಗಳಲ್ಲಿ ಹೆದ್ದಾರಿಯ ಪಾಲೆಷ್ಟು, ಹಳ್ಳಿ ಮತ್ತು ಘಾಟಿ ರಸ್ತೆಯ ಪಾಲೆಷ್ಟು, ಹಿಂದೆ ಯಾರಾದರೂ ಕೂರುತ್ತಾರೆಯೇ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಬೈಕಿನ ಅಂದ ಕಣ್ಣಿಗೆ ಬಿದ್ದ ಮೇಲೆ ಈ ಲೆಕ್ಕ ನೆನಪಾಗುವುದಿಲ್ಲ.

ಸಿಗುವ ಬೈಕುಗಳಲ್ಲಿ ಯಾವುದು?

ಕಡಿಮೆ ಬೆಲೆಗೆ ಸುಲಭವಾಗಿ ಸಿಗುವುದು ಬಜಾಜ್ ಅವೆಂಜರ್. ಕವಾಸಕಿ ಎಲಿಮಿನೇಟರ್ ವಿನ್ಯಾಸದ ಮುಂದುವರಿಕೆಯಾಗಿ 2005ರಲ್ಲಿ ಬಂದ ಈ ಬೈಕಿನ 220 ಸಿಸಿ ಮಾದರಿ ಹಗುರವಾಗಿದೆ. ಸೀಟಿನ ಎತ್ತರ ಸುಮಾರು 737 ಮಿ.ಮೀ. ಇರುವುದರಿಂದ ಕುಳ್ಳಗಿರುವವರಿಗೂ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗುತ್ತವೆ, ಬಿಡಿಭಾಗಗಳೂ ಊರೂರಲ್ಲಿ ಸಿಗುತ್ತವೆ. ರಾಯಲ್ ಎನ್‌ಫೀಲ್ಡ್ ಥಂಡರ್‌ಬರ್ಡ್ 2020ರಲ್ಲಿ ನಿಂತುಹೋದರೂ ಹಳೆಯ ಬೈಕುಗಳ ಮಾರುಕಟ್ಟೆಯಲ್ಲಿ ಹೇರಳವಾಗಿದೆ. 2012ರ ನಂತರದ ಥಂಡರ್‌ಬರ್ಡ್‌ಗಳಲ್ಲಿ 20 ಲೀಟರ್ ಟ್ಯಾಂಕ್ ಇದ್ದು, ದೂರ ಹೋಗುವವರಿಗೆ ಅದು ದೊಡ್ಡ ನೆಮ್ಮದಿ. 2020ರ ನವೆಂಬರ್‌ನಲ್ಲಿ ಥಂಡರ್‌ಬರ್ಡ್ ಜಾಗಕ್ಕೆ ಬಂದ ಮಿಟಿಯೋರ್ 350ರ ಎಂಜಿನ್ನಿನಲ್ಲಿ ಬ್ಯಾಲೆನ್ಸರ್ ಶಾಫ್ಟ್ ಇರುವುದರಿಂದ ಕೈಗೆ, ಪಾದಕ್ಕೆ ಬರುವ ನಡುಕ ತುಂಬ ಕಡಿಮೆ. ಬಜೆಟ್ ಒಪ್ಪುವುದಾದರೆ 350 ಸಿಸಿ ವರ್ಗದಲ್ಲಿ ನನ್ನ ಮೊದಲ ಆಯ್ಕೆ ಇದೇ.

2023ರಲ್ಲಿ ಬಂದ ಸೂಪರ್ ಮಿಟಿಯೋರ್ 650 ಹೆದ್ದಾರಿಯಲ್ಲಿ ಸೊಗಸಾಗಿ ಓಡುತ್ತದೆ. ಆದರೆ ಅದರ ತೂಕ 241 ಕಿಲೋ. ಇಳಿಜಾರಿನಲ್ಲಿ ನಿಲ್ಲಿಸಿದ ಬೈಕನ್ನು ಹಿಂದಕ್ಕೆ ತಳ್ಳಬಲ್ಲಿರಾ ಎಂದು ನೋಡಿಯೇ ಮುಂದುವರಿಯಿರಿ. ಹಾರ್ಲೆ ಡೇವಿಡ್‌ಸನ್ ಸ್ಟ್ರೀಟ್ 750ಯಂಥ, ತಯಾರಿಕೆ ನಿಂತ ದೊಡ್ಡ ಬೈಕುಗಳು ಆಸೆ ಹುಟ್ಟಿಸುವ ಬೆಲೆಗೆ ಬರುತ್ತವೆ. ಬೆಲೆ ಮಾತಾಡುವ ಮೊದಲು ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಟೈರ್ ನಿಮ್ಮ ಊರಿನಲ್ಲಿ ಎಷ್ಟು ದಿನಕ್ಕೆ ಸಿಗುತ್ತವೆ ಎಂದು ವಿಚಾರಿಸಿ.

ಚಕ್ರದ ಬಗೆಯನ್ನೂ ಗಮನಿಸಬೇಕು. ಮಿಟಿಯೋರ್ 350ರ ಹೆಚ್ಚಿನ ಮಾದರಿಗಳಲ್ಲಿ ಮತ್ತು ಥಂಡರ್‌ಬರ್ಡ್ ಎಕ್ಸ್‌ನಲ್ಲಿ ಅಲಾಯ್ ಚಕ್ರ, ಟ್ಯೂಬ್‌ಲೆಸ್ ಟೈರ್ ಇರುವುದರಿಂದ ಪಂಕ್ಚರ್ ಆದರೆ ಕಿಟ್ ಬಳಸಿ ರಸ್ತೆ ಬದಿಯಲ್ಲೇ ಮುಚ್ಚಬಹುದು. ಅವೆಂಜರ್ ಕ್ರೂಸ್ ಮತ್ತು ಹಳೆಯ ಥಂಡರ್‌ಬರ್ಡ್‌ಗಳ ಕಡ್ಡಿ ಚಕ್ರದಲ್ಲಿ ಟ್ಯೂಬ್ ಇರುತ್ತದೆ. ಚಕ್ರ ಬಿಚ್ಚದೆ ಕೆಲಸ ಆಗುವುದಿಲ್ಲ. ಇನ್ನು 125 ಸಿಸಿಗಿಂತ ದೊಡ್ಡ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಗಿದೆ. ಮಳೆಗಾಲದಲ್ಲಿ ಮಲೆನಾಡಿಗೆ ಹೋಗುವ ಯೋಚನೆಯಿದ್ದರೆ ಹಣ ತುಸು ಹೆಚ್ಚಾದರೂ ಎಬಿಎಸ್ ಇರುವ ಬೈಕನ್ನೇ ಹುಡುಕಿ ಎಂಬುದು ನನ್ನ ಒತ್ತಾಯದ ಸಲಹೆ.

ಕೂತು ನೋಡಿ, ಆಮೇಲೆ ಓಡಿಸಿ ನೋಡಿ

ಬೈಕಿನ ಮೇಲೆ ಕೂತು, ಕಣ್ಣು ಮುಚ್ಚಿ, ಕೈಗಳನ್ನು ಸಹಜವಾಗಿ ಮುಂದಕ್ಕೆ ಚಾಚಿ. ಹ್ಯಾಂಡಲ್ ಹಿಡಿಯಲು ಬೆನ್ನನ್ನು ಮುಂದಕ್ಕೆ ಬಾಗಿಸಬೇಕಾದರೆ ಅಥವಾ ಭುಜ ಎತ್ತಬೇಕಾದರೆ ಆ ನೋವು ನೂರು ಕಿಲೋಮೀಟರ್ ಆದಮೇಲೆ ಕತ್ತಿನಲ್ಲಿ ಕಾಣಿಸಿಕೊಳ್ಳುತ್ತದೆ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ದೂರದ ಕೈ ಹಿಡಿತದಿಂದ ಜಾರುತ್ತದೆಯೇ ನೋಡಿ. ಎತ್ತರದವರಿಗೆ ಮೊಣಕಾಲು ಮಡಿಸಿದಂತೆ, ಕುಳ್ಳಗಿರುವವರಿಗೆ ಫುಟ್‌ರೆಸ್ಟ್ ಎಟುಕಿಸಿಕೊಂಡಂತೆ ಆಗಬಾರದು. ಹ್ಯಾಂಡಲ್ಲಿನ ಕೋನವನ್ನು ಮೆಕ್ಯಾನಿಕ್ ಐದು ನಿಮಿಷದಲ್ಲಿ ಬದಲಿಸಬಲ್ಲರು, ಸೀಟಿನ ಕುಶನ್ನನ್ನು ಬದಲಿಸಿ ಹೊಲಿಸಬಹುದು. ಆದರೆ ಫುಟ್‌ರೆಸ್ಟ್ ಇರುವ ಜಾಗ ಬದಲಿಸುವುದು ಅಷ್ಟು ಸಲೀಸಲ್ಲ.

ಮಾರುವವರು ಬೀದಿಯ ಕೊನೆಯವರೆಗೆ ಹೋಗಿ ಬನ್ನಿ ಎನ್ನುತ್ತಾರೆ. ಅಷ್ಟು ಸಾಲದು. ಗುರುತಿನ ಚೀಟಿ ಕೊಟ್ಟು, ಬೇಕಿದ್ದರೆ ಅವರನ್ನೇ ಹಿಂದೆ ಕೂರಿಸಿಕೊಂಡು, ಕನಿಷ್ಠ ಅರ್ಧ ಗಂಟೆ ಓಡಿಸಲು ಕೇಳಿ. ಅದರಲ್ಲಿ ಒಂದಷ್ಟು ಹೆದ್ದಾರಿ ಇರಲಿ, ಒಂದಷ್ಟು ಕಿತ್ತುಹೋದ ರಸ್ತೆಯೂ ಇರಲಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕನ್ನಡಿಯಲ್ಲಿ ಹಿಂದಿನ ವಾಹನ ಸ್ಪಷ್ಟವಾಗಿ ಕಾಣುತ್ತದೆಯೇ, ಬೆರಳುಗಳು ಜೋಮು ಹಿಡಿಯುತ್ತವೆಯೇ ಗಮನಿಸಿ. ಇಬ್ಬರು ಕೂತು ಹಂಪ್ ದಾಟುವಾಗ ಹಿಂದಿನ ಶಾಕ್ ಅಬ್ಸಾರ್ಬರ್ ತಳಕ್ಕೆ ಬಡಿದ ಸದ್ದು ಬರಬಾರದು. ಕ್ರೂಸರ್‌ಗಳ ಹಿಂದಿನ ಶಾಕ್ ಅಬ್ಸಾರ್ಬರ್ ಕುಗ್ಗುವ ಅಂತರವೇ ಕಡಿಮೆ, ಸೂಪರ್ ಮಿಟಿಯೋರ್‌ನಲ್ಲೂ ಅದು 101 ಮಿ.ಮೀ. ಮಾತ್ರ. ಹೀಗಿರುವಾಗ ಸವೆದ ಶಾಕ್ ಅಬ್ಸಾರ್ಬರ್ ಇರುವ ಬೈಕಿನಲ್ಲಿ ಪ್ರವಾಸ ಮಾಡುವುದು ಮೈಗೆ ಶಿಕ್ಷೆಯೇ ಸರಿ. ಸಾಮಾನ್ಯವಾಗಿ ಹಿಂಬದಿ ಸ್ಪ್ರಿಂಗಿನ ಬಿಗಿತವನ್ನು ಹಂತ ಹಂತವಾಗಿ ಹೊಂದಿಸಬಹುದು. ಅದು ಯಾವ ಹಂತದಲ್ಲಿದೆ ಎಂದು ನೋಡಿ, ನಿಮ್ಮ ಭಾರಕ್ಕೆ ತಕ್ಕಂತೆ ಮಾಡಿಸಿಕೊಂಡು ಮತ್ತೊಮ್ಮೆ ಓಡಿಸಿ. ಹಿಂದೆ ಕೂರುವವರನ್ನೂ ಕರೆದೊಯ್ದು ಅವರ ಅಭಿಪ್ರಾಯ ಕೇಳುವುದು ಅಗತ್ಯ, ಏಕೆಂದರೆ ಅನೇಕ ಕ್ರೂಸರ್‌ಗಳ ಹಿಂಬದಿ ಸೀಟು ಕಿರಿದು.

ಕೈಯಿಂದ ಮುಟ್ಟಿ ಪರೀಕ್ಷಿಸಿ

ಬೆಳಿಗ್ಗೆಯೇ ಹೋಗಿ, ಬೈಕನ್ನು ಮೊದಲೇ ಸ್ಟಾರ್ಟ್ ಮಾಡಿಡಬೇಡಿ ಎಂದು ತಿಳಿಸಿರಿ. ಎಂಜಿನ್ ಮುಟ್ಟಿ ನೋಡಿದಾಗ ತಣ್ಣಗಿರಬೇಕು. ತಣ್ಣಗಿರುವಾಗ ತಕರಾರಿಲ್ಲದೆ ಸ್ಟಾರ್ಟ್ ಆಗುವುದು ಒಳ್ಳೆಯ ಲಕ್ಷಣ. ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ.

ಮುಂದಿನ ಫೋರ್ಕಿನ ಹೊಳೆಯುವ ಕೊಳವೆಯನ್ನು ಬಟ್ಟೆಯಿಂದ ಒರೆಸಿ, ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ನಾಲ್ಕೈದು ಬಾರಿ ಬಲವಾಗಿ ಒತ್ತಿ. ಕೊಳವೆಯ ಮೇಲೆ ಆಯಿಲ್ಲಿನ ತೆಳುವಾದ ಉಂಗುರ ಮೂಡಿದರೆ ಆಯಿಲ್ ಸೀಲ್ ಹೋಗಿದೆ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿಸಿ ಹ್ಯಾಂಡಲನ್ನು ಒಂದೇ ಬೆರಳಿನಿಂದ ತಿರುಗಿಸಿದಾಗ ನಡುವೆ ಎಲ್ಲೋ ಸಿಕ್ಕಿಕೊಂಡಂತೆ ಆದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಬದಲಿಸಬೇಕು. ಹಿಂದಿನ ಸ್ಪ್ರಾಕೆಟ್ಟಿನ ಹಿಂಭಾಗದಲ್ಲಿ ಚೈನನ್ನು ಹಿಡಿದು ಎಳೆಯಿರಿ. ಹಲ್ಲಿನ ಅರ್ಧಭಾಗ ಹೊರಗೆ ಕಂಡರೆ ಪೂರ್ತಿ ಚೈನ್ ಸೆಟ್ಟಿನ ಖರ್ಚನ್ನು ಬೆಲೆಯಿಂದ ಕಳೆಯಿರಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಟ್ರೆಡ್ ಗೀರು ಇನ್ನೂ ಆಳವಾಗಿದ್ದರೂ ಅಷ್ಟು ಹಳೆಯ ರಬ್ಬರನ್ನು ನಂಬಿ ದೂರ ಹೋಗಬಾರದು.

ಬಿದ್ದ ಬೈಕನ್ನು ಪೇಂಟ್ ಮರೆಮಾಚಬಹುದು. ಹ್ಯಾಂಡಲ್ ತುದಿ, ಬ್ರೇಕ್ ಲಿವರ್, ಫುಟ್‌ರೆಸ್ಟ್ ತುದಿಗಳಲ್ಲಿ ಉಜ್ಜಿದ ಗುರುತು ಹುಡುಕಿ. ಹ್ಯಾಂಡಲ್ ಪೂರ್ತಿ ತಿರುಗಿದಾಗ ತಡೆಯುವ ಉಬ್ಬು ಚಾಸಿಯ ಮೇಲೆ ಇರುತ್ತದೆ, ಅದು ನಜ್ಜುಗುಜ್ಜಾಗಿದ್ದರೆ ಮುಂದಿನಿಂದ ಜೋರಾಗಿ ಗುದ್ದಿರುವ ಸಾಧ್ಯತೆ ಹೆಚ್ಚು. ಅಂಥ ಬೈಕನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಮೀಟರ್ 15 ಸಾವಿರ ಕಿ.ಮೀ. ತೋರಿಸುತ್ತಾ, ಫುಟ್‌ರೆಸ್ಟಿನ ರಬ್ಬರ್ ನುಣ್ಣಗೆ ಸವೆದಿದ್ದರೆ ಸರ್ವಿಸ್ ದಾಖಲೆ ಕೇಳಿ.

ಕಾಗದಪತ್ರ

ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಆರ್‌ಸಿಯೊಂದಿಗೆ ಅಂಕಿ ಅಂಕಿಯಾಗಿ ಹೋಲಿಸಿ. ಸಾಲದ ನಮೂದು ಇದ್ದರೆ ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಆ ನಮೂದನ್ನು ತೆಗೆಸುವ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಬಾಕಿ ಇರುವ ಸಂಚಾರ ದಂಡವನ್ನು ಆನ್‌ಲೈನ್‌ನಲ್ಲಿ ಪರಿಶೀಲಿಸಿ. ಮಾಲೀಕತ್ವ ವರ್ಗಾವಣೆಗೆ ಫಾರಂ 29 ಮತ್ತು 30 ಬೇಕು. ಹೊರ ರಾಜ್ಯದ ಬೈಕಾದರೆ ಅಲ್ಲಿನ ಆರ್‌ಟಿಒ ಎನ್‌ಒಸಿ ಜೊತೆಗೆ ಕರ್ನಾಟಕದ ತೆರಿಗೆಯನ್ನೂ ಕಟ್ಟಬೇಕಾಗುವುದರಿಂದ, ಅಗ್ಗವಾಗಿ ಕಂಡದ್ದು ಕೊನೆಗೆ ದುಬಾರಿಯಾಗಬಹುದು. ವಿಮೆಯನ್ನು ನಿಮ್ಮ ಹೆಸರಿಗೆ ಬದಲಿಸಲು 14 ದಿನಗಳೊಳಗೆ ಅರ್ಜಿ ಕೊಡಿ. ನೋ ಕ್ಲೇಮ್ ಬೋನಸ್ ಮಾರಿದವರದ್ದೇ ಆಗಿರುತ್ತದೆ, ನಿಮಗೆ ಬರುವುದಿಲ್ಲ.

ಬಜೆಟ್ಟಿನ ಹತ್ತರಲ್ಲೊಂದು ಪಾಲನ್ನಾದರೂ ಕೊಂಡ ನಂತರದ ಕೆಲಸಕ್ಕೆ ಎತ್ತಿಡಿ. ಎಂಜಿನ್ ಆಯಿಲ್, ಬ್ರೇಕ್ ಆಯಿಲ್, ಏರ್ ಫಿಲ್ಟರ್ ಬದಲಿಸಿ, ಕೇಬಲ್‌ಗಳನ್ನು ನೋಡಿಸಿ. ಆರ್‌ಸಿ ನಿಮ್ಮ ಹೆಸರಿಗೆ ಬರುವವರೆಗಿನ ವಾರಗಳಲ್ಲಿ ರಾಜ್ಯದ ಗಡಿ ದಾಟದೆ, ಒಂದೇ ದಿನದಲ್ಲಿ ಹೋಗಿ ಬರುವಷ್ಟು ದೂರದ ಊರುಗಳಿಗೆ ಸಾಮಾನು ಸಮೇತ ಓಡಿಸಿ, ಸೀಟು, ಹ್ಯಾಂಡಲ್, ಶಾಕ್ ಅಬ್ಸಾರ್ಬರ್‌ಗಳನ್ನು ನಿಮ್ಮ ಮೈಗೆ ಹೊಂದಿಸಿಕೊಳ್ಳಿ.