ಎದೆಗೆ ಏರಿದ ಕರುಳನ್ನು ಕೆಳಗಿಳಿಸಿದ್ದು

ಗೋವಾದಲ್ಲಿ ಸರ್ಜನ್ ಆಗಿರುವ ನನಗೆ ಕನ್ನಡ ಮಾತಾಡುವ ಪೇಷಂಟ್‌ಗಳು ಜಾಸ್ತಿ. ಝುವಾರಿನಗರದಿಂದ ಬಂದ ಈ ಗೌಂಡಿ ಬಾಗಲಕೋಟೆ ಕಡೆಯವರು. "ಉಂಡ ಮ್ಯಾಲ ಎದಿ ಹಿಡಿದಂಗ ಆಗತೈತ್ರಿ, ದಮ್ಮು ಹತ್ತತೈತಿ" ಅಂದರು. ವರ್ಷಗಟ್ಟಲೆ ಗ್ಯಾಸ್ ಗುಳಿಗೆ ನುಂಗಿದ್ದರು.

ಎಕ್ಸ್‌ರೇಯಲ್ಲಿ ಎದೆಯ ಎಡಭಾಗದ ಕೆಳಗೆ ಗಾಳಿ ಕಾಣುತ್ತಿತ್ತು. ಬೇರೆ ಕಡೆ ಇದನ್ನು ನೋಡಿ, ಶ್ವಾಸಕೋಶದ ಸುತ್ತ ಗಾಳಿ ಸೇರಿದೆ, ಪೈಪ್ ಹಾಕಬೇಕು ಅಂದಿದ್ದರಂತೆ. ಹಾಕಿಸಿಕೊಳ್ಳದೆ ಬಂದದ್ದೇ ಒಳ್ಳೆಯದಾಯಿತು. ಆ ಗಾಳಿ ಇದ್ದದ್ದು ದೊಡ್ಡ ಕರುಳಿನೊಳಗೆ! ಸಿಟಿ ಸ್ಕ್ಯಾನ್‌ನಲ್ಲಿ ಎದೆ-ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ, ಅಂದರೆ ವಪೆಯ ಎಡ ಹಿಂಭಾಗದ ತೂತು ಸ್ಪಷ್ಟವಾಯಿತು. 1848ರಲ್ಲಿ ಬೊಖ್ಡಾಲೆಕ್ ಎಂಬ ಅಂಗರಚನಾ ತಜ್ಞ ವಿವರಿಸಿದ ಹರ್ನಿಯಾ ಇದು. ತಾಯಿಯ ಹೊಟ್ಟೆಯಲ್ಲೇ ಮುಚ್ಚಿಕೊಳ್ಳಬೇಕಾದ ದಾರಿ ಹಾಗೇ ಉಳಿದಿರುತ್ತದೆ. ಬಲಗಡೆ ಲಿವರ್ ಅಡ್ಡ ಇರುವುದರಿಂದ ಎಡಗಡೆಯೇ ಹೆಚ್ಚು.

ಲ್ಯಾಪರೊಸ್ಕೋಪಿಯಲ್ಲಿ ಹೊಟ್ಟೆಯ ಕಡೆಯಿಂದಲೇ ಹೋದೆ. ಏರಿದ್ದನ್ನು ಕೆಳಗೆಳೆದು, ತಿರುಚಿದೆಯಾ ಅಂತ ನೋಡಲು ಅದೇ ಸಲೀಸು. ಹೊಲಿಗೆಗಿಂತ ನನಗೆ ಹೆಚ್ಚು ಚಿಂತೆ ಗ್ಯಾಸಿನದು. ಈ ಹರ್ನಿಯಾಕ್ಕೆ ಸಾಮಾನ್ಯವಾಗಿ ಏರಿದ ಅಂಗಗಳನ್ನು ಸುತ್ತುವ ಪೊರೆಯ ಚೀಲ ಇರುವುದಿಲ್ಲ. ಕೆಲಸಕ್ಕೆ ಜಾಗ ಮಾಡಲು ಹೊಟ್ಟೆಗೆ ತುಂಬಿದ ಕಾರ್ಬನ್ ಡೈಆಕ್ಸೈಡ್ ತೂತಿನಿಂದ ಸೀದಾ ಎದೆಗೆ ನುಗ್ಗಿ ಶ್ವಾಸಕೋಶವನ್ನು, ಹೃದಯವನ್ನು ಒತ್ತುತ್ತದೆ. ಹಾಗಾಗಿ ಅರಿವಳಿಕೆ ಡಾಕ್ಟರ್ ಜೊತೆ ಮೊದಲೇ ಮಾತಾಡಿಕೊಂಡಿದ್ದೆ: ಬಿಪಿ ಬಿದ್ದರೆ ನನ್ನನ್ನು ಕೇಳುತ್ತಾ ಕೂರಬೇಡಿ, ಗ್ಯಾಸ್ ಬಿಡಿಸಿ. ಬಿಪಿ ಬಿತ್ತು, ಬಿಡಿಸಿದರು. ಸ್ವಲ್ಪ ಕಾದು ಕಡಿಮೆ ಒತ್ತಡದಲ್ಲಿ, 8 ಎಂಎಂ ಪಾದರಸದಷ್ಟರಲ್ಲಿ, ಮತ್ತೆ ಶುರು ಮಾಡಿದೆವು. ಜಾಗ ಇಕ್ಕಟ್ಟಾಯಿತು, ಆದರೆ ಅಷ್ಟು ಸಾಕು.

ಕರುಳನ್ನು ಹಿಡಿದು ಜಗ್ಗಬಾರದು. ಅದಕ್ಕೆ ಅಂಟಿಕೊಂಡ ಕೊಬ್ಬಿನ ಪದರ ಹಿಡಿದು ಇಷ್ಟಿಷ್ಟೇ ಎಳೆದೆ. ಜೊತೆಗೆ ಏರಿದ್ದ ಗುಲ್ಮ (ಸ್ಪ್ಲೀನ್) ಕೊನೆಗೆ. ಅದನ್ನು ಕಚ್ಚಿ ಹಿಡಿದರೆ ರಕ್ತ ನಿಲ್ಲುವುದಿಲ್ಲ. ಉಪಕರಣದ ಬದಿಯಿಂದ ಮೆಲ್ಲಗೆ ಸರಿಸಬೇಕು.

ತೂತಿನ ಅಂಚುಗಳು ಬಿಗಿಯಿಲ್ಲದೆ ಕೂಡಿದವು. ಕರಗದ ದಾರದಲ್ಲಿ ಬಿಡಿ ಬಿಡಿ ಹೊಲಿಗೆ ಹಾಕಿದೆ. ಮೆಶ್, ಅಂದರೆ ಬಲೆಯಂಥ ತೇಪೆ, ಬೇಕಾಗಲಿಲ್ಲ. ಅಂಚು ಕೂಡದಿದ್ದರೆ ಮೆಶ್ ಹಾಕಲೇಬೇಕು, ಆದರೆ ಅದನ್ನು ಕೂರಿಸಲು ಹೃದಯದ ಹತ್ತಿರ ಟ್ಯಾಕರ್‌ನಿಂದ ಪುಟ್ಟ ಮೊಳೆ ಹೊಡೆಯುವುದು ನನಗೆ ಒಪ್ಪಿಗೆಯಿಲ್ಲ. ಮೊಳೆ ಆಚೆ ಹೋಗಿ ಜೀವವೇ ಹೋದ ಉದಾಹರಣೆಗಳಿವೆ. ಕೊನೆಯ ಗಂಟಿಗೆ ಮುಂಚೆ ಶ್ವಾಸಕೋಶ ಉಬ್ಬಿಸಿ ಎದೆಯ ಗ್ಯಾಸ್ ಹೊರಗೆ ಹಾಕಿದೆವು. ಎದೆಗೆ ಒಂದು ಡ್ರೇನ್ ಇಟ್ಟೆ. ಈ ಪೈಪನ್ನು ಒಳಗಿನಿಂದ ಕಣ್ಣಾರೆ ನೋಡಿಕೊಂಡೇ ಹಾಕಿದ್ದು.

ಎಕ್ಸ್‌ರೇಯಲ್ಲಿ ಶ್ವಾಸಕೋಶ ಪೂರ್ತಿ ಹಿಗ್ಗಿದ ಮೇಲೆ ಡ್ರೇನ್ ತೆಗೆದೆ. ಅವರಿಗಿದ್ದ ಪ್ರಶ್ನೆ ಒಂದೇ: "ಸಿಮೆಂಟ್ ಚೀಲ ಯಾವಾಗ ಹೊರಬೇಕ್ರಿ?" ಮೂರು ತಿಂಗಳು ಬೇಡ ಅಂದೆ. ಮೇಸ್ತ್ರಿ ನಂಬುವುದಿಲ್ಲ ಅಂದರು, ಅದಕ್ಕೆ ಚೀಟಿಯಲ್ಲಿ ಬರೆದೂ ಕೊಟ್ಟೆ.