ಏಣಿಲಿನ (ಮಳೆಗಾಲದ ಬೆಳೆಯ) ಭತ್ತ: ಬೀಜೋಪಚಾರ ಕೆಡುವುದು ಎಲ್ಲಿ?

ನೇಜಿ (ಭತ್ತದ ಸಸಿ) ಅಲ್ಲಲ್ಲಿ ಬೋಳಾಗಿ ಎದ್ದರೆ ಎಲ್ಲರೂ ಮಳೆಯನ್ನೇ ದೂರುತ್ತಾರೆ. ಎಷ್ಟೋ ಸಲ ಕೆಲಸ ಕೆಟ್ಟಿರುವುದು ಬೀಜ ನೆನೆಹಾಕುವಾಗಲೇ. ಬೀಜ ಕಟ್ಟಿಟ್ಟ ಬೈಹುಲ್ಲಿನ ಮುಡಿ ಬಿಚ್ಚಿ, ನೀರಿಗೆ ಸುರಿದು, ಮೇಲೆ ಒಂದು ಚಮಚ ಔಷಧಿ ಉದುರಿಸಿದರೆ ಅದು ಬೀಜೋಪಚಾರವಲ್ಲ.

ಮೊದಲು ಉಪ್ಪುನೀರು. 10 ಲೀಟರ್ ನೀರಿಗೆ ಸುಮಾರು ಒಂದೂವರೆ ಕಿಲೋ ಕಲ್ಲುಪ್ಪು ಹಾಕಿ, ಹರಳು ಪೂರ್ತಿ ಕರಗುವ ತನಕ ಕದಡಿ. ಹೊಸ ಕೋಳಿಮೊಟ್ಟೆ ಬಿಟ್ಟರೆ ಅದು ತೇಲಿ, ಒಂದು ರೂಪಾಯಿ ನಾಣ್ಯದಷ್ಟು ಭಾಗ ಮೇಲೆ ಕಾಣಬೇಕು. ಮೊಟ್ಟೆ ಹೊಸದೇ ಆಗಿರಬೇಕು. ಹಳೆಯದು ಬರೀ ನೀರಿನಲ್ಲೂ ತೇಲುತ್ತದೆ, ಅದನ್ನು ನಂಬಿದರೆ ಉಪ್ಪು ಸಾಲದೆ ಅರೆ ತುಂಬಿದ ಕಾಳೂ ಮುಳುಗುತ್ತದೆ. ಮೊಟ್ಟೆ ಮುಟ್ಟದ ಮನೆಗಳಲ್ಲಿ ಅಳತೆಯನ್ನೇ ಸರಿಯಾಗಿ ಹಿಡಿಯಿರಿ.

ಈ ನೀರಿಗೆ ಒಣ ಬೀಜವನ್ನೇ ಹಾಕಬೇಕು, ನೆನೆಸಿದ್ದನ್ನಲ್ಲ. ನೀರು ಕುಡಿದ ಕಾಳಿನ ತೂಕ ಬದಲಾಗಿರುವುದರಿಂದ ಪರೀಕ್ಷೆಗೆ ಅರ್ಥವೇ ಉಳಿಯುವುದಿಲ್ಲ. ಒಂದು ಸಲಕ್ಕೆ ನಾಲ್ಕೈದು ಕಿಲೋ ಸಾಕು. ಹಾಕಿದ ಕೂಡಲೇ ಕೈಯಾಡಿಸಿ. ಸಿಪ್ಪೆಗೆ ಅಂಟಿದ ಗಾಳಿಗುಳ್ಳೆ ಬಿಡದಿದ್ದರೆ ಒಳ್ಳೆಯ ಕಾಳೂ ಮೇಲೇ ನಿಲ್ಲುತ್ತದೆ. ತೇಲಿದ ಜಳ್ಳು, ಅರೆಗಾಳು ತೆಗೆದು, ಮುಳುಗಿದ್ದನ್ನು ತಡಮಾಡದೆ ಒಳ್ಳೆಯ ನೀರಿನಲ್ಲಿ ಮೂರು ಸಲ ತೊಳೆಯಿರಿ. ಉಪ್ಪು ಉಳಿದರೆ ಮೊಳಕೆ ಕುಗ್ಗುತ್ತದೆ. ಅದೇ ನೀರನ್ನು ಮುಂದಿನ ಕಂತಿಗೆ ಬಳಸುವಾಗ ಮೊಟ್ಟೆ ಮತ್ತೆ ಬಿಟ್ಟು ನೋಡಿ, ಬೇಕಾದಷ್ಟು ಉಪ್ಪು ಸೇರಿಸಿ. ಬಣ್ಣ ಹಚ್ಚಿ ಬಂದ, ಉಪಚಾರ ಮಾಡಿದ್ದೆಂದು ಚೀಟಿಯಲ್ಲಿ ಬರೆದ ಬೀಜಕ್ಕೆ ಈ ಹಂತ ಬೇಡ, ಲೇಪನ ತೊಳೆದುಹೋಗುತ್ತದೆ.

ಆಮೇಲೆ 12 ಗಂಟೆ ಬರೀ ನೀರಿನಲ್ಲಿ ನೆನೆಯಲಿ.

ನೀರು ಬಸಿದು ಔಷಧಿ. ಬೆಂಕಿರೋಗ (ಎಲೆ, ತೆನೆ ಸುಡುವ ಶಿಲೀಂಧ್ರ ರೋಗ) ಬರುವ ತಗ್ಗಿನ ಬೈಲುಗದ್ದೆಗೆ ಶಿಲೀಂಧ್ರನಾಶಕ ಕಾರ್ಬೆಂಡಜಿಂ 50 ಶೇಕಡಾ ಪುಡಿ: ಕಿಲೋ ಬೀಜಕ್ಕೆ ಒಂದು ಲೀಟರ್ ನೀರು, 2 ಗ್ರಾಂ ಪುಡಿ. ಕೈಗವಸು ಹಾಕಿಕೊಂಡೇ ಕಲಸಿ, 10 ಗಂಟೆ ಬಿಡಿ, ತೊಳೆಯಬೇಡಿ. ರಾಸಾಯನಿಕ ಬೇಡವಾದರೆ ಸ್ಯೂಡೋಮೊನಾಸ್ ಪುಡಿ ಕಿಲೋಗೆ 10 ಗ್ರಾಂ, ಅಷ್ಟೇ ನೀರು, ಒಂದು ರಾತ್ರಿ. ಎರಡನ್ನೂ ಒಟ್ಟಿಗೆ ಹಾಕಬಾರದು. ಸ್ಯೂಡೋಮೊನಾಸ್ ಜೀವಂತ ಬ್ಯಾಕ್ಟೀರಿಯಾ, ಔಷಧಿ ಜೊತೆಗಿದ್ದರೆ ಉಪಯೋಗಕ್ಕೆ ಬಾರದೆ ಹೋಗಬಹುದು. ಅವಧಿ ಮುಗಿದ, ಅಂಗಡಿಯ ಬಿಸಿಲಿನಲ್ಲಿ ಬಿದ್ದಿದ್ದ ಪೊಟ್ಟಣ ತರಬೇಡಿ. ತಯಾರಿಕೆ ದಿನಾಂಕವೇ ಇಲ್ಲದ ‘ಮೊಳಕೆ ಟಾನಿಕ್’ ಬಾಟಲಿಗಳಿಗೆ ದುಡ್ಡು ಹಾಕಲೇಬೇಡಿ. ಆ ದುಡ್ಡಿಗೆ ಉಪ್ಪು ತನ್ನಿ.

ಇನ್ನು ಮೊಳಕೆ ಕಟ್ಟುವುದು. ಹೆಚ್ಚು ಬೀಜ ಸಾಯುವುದು ಇಲ್ಲೇ. ಸೆಣಬಿನ ಗೋಣಿಯಲ್ಲಿ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಗೊಬ್ಬರದ ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಗಾಳಿಯಿಲ್ಲದೆ ಬೀಜ ಹುಳಿ ವಾಸನೆ ಹೊಡೆಯುತ್ತದೆ. ಸಿಮೆಂಟು ನೆಲಕ್ಕೆ ನೇರ ಇಡದೆ ಬೈಹುಲ್ಲು ಹಾಸಿ ಇಡಿ, ಮೇಲೂ ಹುಲ್ಲು ಮುಚ್ಚಿ. ಏಣಿಲಿನ ಜಡಿಮಳೆಗೆ ಚಳಿಯಾದರೆ ಬಚ್ಚಲಿನಲ್ಲೇ ಒಲೆಯಿಂದ ದೂರದ ಮೂಲೆ ಒಳ್ಳೆಯದು, ಒಲೆಯ ದಂಡೆ ಅಲ್ಲ. ಏಳೆಂಟು ಗಂಟೆಗೊಮ್ಮೆ ಗೋಣಿಯ ನಡುವೆ ಕೈ ಹಾಕಿ ನೋಡಿ. ಹದ ಬೆಚ್ಚಗಿದ್ದರೆ ಸರಿ. ಕೈಗೆ ಬಿಸಿ ಹತ್ತಿದರೆ ಕೂಡಲೇ ಬಿಚ್ಚಿ, ಒಳಗಿನದನ್ನು ಹೊರಗೆ ಮಾಡಿ, ನೀರು ಚಿಮುಕಿಸಿ ಕಟ್ಟಿ. ಸೆಕೆಯಲ್ಲಿ ಬೆಂದ ಮೊಳಕೆ ಮತ್ತೆ ಚಿಗುರುವುದಿಲ್ಲ.

24ರಿಂದ 36 ಗಂಟೆಯಲ್ಲಿ ಬಿಳಿ ಮೂತಿ ಒಂದೆರಡು ಮಿಲಿಮೀಟರ್ ಕಂಡರೆ ಚೆಲ್ಲಿಬಿಡಿ. ಉದ್ದವಾದ ಬೇರು ಒಂದಕ್ಕೊಂದು ಹೆಣೆದು, ಬಿಡಿಸುವಾಗ ಮುರಿಯುತ್ತದೆ; ಯಂತ್ರದ ನಾಟಿಗೆ ಬೆಳೆಸುವ ಚಾಪೆ ನೇಜಿಗಂತೂ ಸಮನಾಗಿ ಬೀಳುವುದೇ ಇಲ್ಲ. ಮಳೆ ಸುರಿಯುತ್ತಿದ್ದರೆ ಗೋಣಿಯಿಂದ ತೆಗೆದು ನೆರಳಿನಲ್ಲಿ ತೆಳ್ಳಗೆ ಹರವಿ ಅರ್ಧ ದಿನ ಕಾಯಬಹುದು, ಅದಕ್ಕಿಂತ ಹೆಚ್ಚು ಬೇಡ.

ಔಷಧಿ ಹಾಕಿದ ಬೀಜ ಉಳಿದರೆ ಕೋಳಿಗೆ ಹಾಕಬೇಡಿ, ಕುಚ್ಚಲಕ್ಕಿಗೆ ಬೇಯಿಸುವ ಭತ್ತಕ್ಕೆ ಸೇರಿಸಬೇಡಿ. ಬಾವಿಯಿಂದ ದೂರ ಹೊಂಡ ತೋಡಿ ಹೂಳಿ. ಔಷಧಿಯ ನೀರೂ ತೋಡಿಗೆ (ಹಳ್ಳಕ್ಕೆ) ಹೋಗದಿರಲಿ.